ಸೋತ ಉಮೇದುವಾರನೂ ವಿಶ್ವಕೋಶದ ಗಣ್ಯತೆಯೂ

ಮಾಟುಂಗಕ್ಕೆ ತಾಗಿಕೊಂಡಿರುವ ದಾದರಿನ ಹಿಂದೂ ಕಾಲನಿಯಲ್ಲಿ ಡಾ. ಬಿ. ಆರ್. ಅಂಬೇಡ್ಕರರ ‘ರಾಜಗೃಹ’ವಿದೆ. ಗ್ರಂಥಗಳಿಗಾಗಿ ಕಟ್ಟಿದ ಮನೆಯೆಂದು ಅದಕ್ಕೆ ಖ್ಯಾತಿ. ಆ ಮನೆಯ ಯಜಮಾನರು ದೇಶದ ಮೊದಲ ಮಹಾಚುನಾವಣೆಯಲ್ಲಿ, ಎಂದರೆ 1952ರಲ್ಲಿ, ಮುಂಬಯಿ ನಗರದ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ನಿಂತು, ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರರ ಎದುರು ಸೋತರು. 1954ರಲ್ಲಿ ಭಂಡಾರಾದ ಉಪಚುನಾವಣೆಯಲ್ಲಿ ನಿಂತು ಮತ್ತೊಮ್ಮೆ ಸೋತರು. ಇಂದು ಕಾಜ್ರೋಳ್ಕರರ ಹೆಸರು ಎಲ್ಲಿಯಾದರೂ ಕಾಣಿಸಿಕೊಂಡರೆ ಅದು ಬಹುಮಟ್ಟಿಗೆ ಅಂಬೇಡ್ಕರರ ಚರಿತ್ರೆಯ ಒಂದು ವಾಕ್ಯದೊಳಗೆ. ಗೆದ್ದವರ ಹೆಸರು ಸೋತವರ ಬಲದಿಂದ ಬದುಕಿಕೊಂಡಿರುವ ಈ ಸೋಜಿಗ ಚುನಾವಣೆಯ ಇತಿಹಾಸದಲ್ಲಿ ಅಪರೂಪವೇನಲ್ಲ.

ಅಂಬೇಡ್ಕರರಾದರೋ ಅದಕ್ಕೆ ಮುಂಚೆಯೇ ಚುನಾಯಿತರಾಗಿದ್ದವರು, ಕೇಂದ್ರದ ಮಂತ್ರಿಗಳಾಗಿದ್ದವರು, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು. ಆದುದರಿಂದ ಅವರ ಉದಾಹರಣೆ ಪ್ರಕೃತ ವಿಚಾರಕ್ಕೆ ಪ್ರವೇಶದ್ವಾರ ಮಾತ್ರ. ವಿಚಾರ ಇದು: ಚುನಾವಣೆಗೆ ನಿಂತು ಒಮ್ಮೆಯೂ ಗೆಲ್ಲದೆ ಹೋದ ವ್ಯಕ್ತಿಗೆ ವಿಶ್ವಕೋಶದಲ್ಲಿ ಸ್ವತಂತ್ರವಾದ ಲೇಖನ ಸಲ್ಲತಕ್ಕದ್ದೇ?

ಅಚ್ಚಿನ ವಿಶ್ವಕೋಶದ ಕಾಲದಲ್ಲಿ ಈ ಪ್ರಶ್ನೆ ಇಷ್ಟು ಮೊನಚಾಗಿ ಏಳುವ ಸಂಭವವಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದಿತು; 14 ಸಂಪುಟಗಳು ಮುಗಿಯುವಷ್ಟರಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕಾಲ ಸಂದಿತು. ಅಂಥ ಗ್ರಂಥದಲ್ಲಿ ಒಂದೊಂದು ಅಂಗುಲ ಜಾಗಕ್ಕೂ ಬೆಲೆಯುಂಟು; ಗೆದ್ದವರಲ್ಲಿಯೇ ಎಷ್ಟೋ ಮಂದಿಗೆ ಅಲ್ಲಿ ಎಡೆಯಿಲ್ಲ. 2003ರಲ್ಲಿ ಆರಂಭವಾಗಿ ಈಗ ಮೂವತ್ತು ಸಾವಿರ ಲೇಖನಗಳನ್ನು ಮೀರಿರುವ ಕನ್ನಡ ವಿಕಿಪೀಡಿಯಕ್ಕಾದರೋ ಕಾಗದದ ಕೊರತೆಯಿಲ್ಲ, ಅಚ್ಚಿನ ಮೊಳೆಯ ವೆಚ್ಚವಿಲ್ಲ. ಹಾಗಿದ್ದಮೇಲೆ ನಿಂತವರೆಲ್ಲರಿಗೂ ಒಂದೊಂದು ಪುಟ ಕೊಟ್ಟರೆ ಯಾರಿಗೇನು ನಷ್ಟವೆಂದು ಕೇಳುವವರುಂಟು. ನಷ್ಟವಿರುವುದು ಕಾಗದದಲ್ಲಲ್ಲ, ಕಾವಲಿನಲ್ಲಿ. ಬರೆದುದನ್ನು ಆಧಾರದೊಡನೆ ತಾಳೆ ನೋಡುವ, ಹೊಗಳಿಕೆಯನ್ನು ಅಳಿಸುವ, ಹಗೆಯ ಮಾತನ್ನು ತೆಗೆಯುವ ಕೈಗಳು ಎಲ್ಲ ಭಾಷೆಗಳಲ್ಲಿಯೂ ಕಡಮೆ, ಕನ್ನಡದಲ್ಲಿ ಇನ್ನೂ ಕಡಮೆ.

ಆಂಗ್ಲ ವಿಕಿಪೀಡಿಯವು ಈ ವಿಷಯದಲ್ಲಿ ಒಂದು ನಿಯಮವನ್ನು ಮಾಡಿಕೊಂಡಿದೆ. ರಾಷ್ಟ್ರದ ಅಥವಾ ಪ್ರಾಂತದ ಶಾಸನಸಭೆಯಲ್ಲಿ ಸ್ಥಾನ ಪಡೆದವರು ಗಣ್ಯರೆಂದು ಅದು ಮೊದಲೇ ಊಹಿಸಿಕೊಳ್ಳುತ್ತದೆ. ನಿಂತು ಗೆಲ್ಲದವರಿಗಾದರೋ ಉಮೇದುವಾರಿಕೆ ಒಂದರಿಂದಲೇ ಗಣ್ಯತೆ ಬರುವುದಿಲ್ಲ; ಸ್ವತಂತ್ರವಾದ, ನಂಬತಕ್ಕ ಆಧಾರಗಳಲ್ಲಿ ಅವರನ್ನು ಕುರಿತು ಸಾಕಷ್ಟು ವಿಸ್ತಾರವಾಗಿ ಬರೆದಿದ್ದರೆ ಮಾತ್ರ ಎಲ್ಲರಂತೆ ಅವರಿಗೂ ಲೇಖನ. ಎರಡನೆಯ ಭಾಗ ನ್ಯಾಯವಾಗಿದೆ. ದೋಷವಿರುವುದು ಮೊದಲನೆಯ ಭಾಗದಲ್ಲಿ. ಅದನ್ನು ಸಾಮಾನ್ಯವಾಗಿ ಯಾರೂ ಪ್ರಶ್ನಿಸುವುದಿಲ್ಲ. ಸೋತವನು ತನ್ನ ಯೋಗ್ಯತೆಯನ್ನು ಸಾಬೀತುಪಡಿಸಬೇಕು. ಗೆದ್ದವನಿಗೆ ಆ ಹೊರೆಯಿಲ್ಲ. ಒಂದೇ ಮನೆಗೆ ಎರಡು ಹೊಸ್ತಿಲು.

ಅದೂ ಹೋಗಲಿ, ನಿಯಮ ಗೌರವಿಸುವುದು ಮತವನ್ನೂ ಅಲ್ಲ, ಪೀಠವನ್ನು. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಕನ್ನಡಿಗರ ಪರವಾಗಿ ನಿಂತ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂಬ ಕೂಗು ಕಾವೇರಿದ್ದ ಕಾಲದಲ್ಲಿ ಎದುರಾಳಿಯೇ ಇಲ್ಲದೆ ಬಂದ ಆ ಗೆಲವಿಗೆ ತನ್ನದೇ ಆದ ಅರ್ಥವಿದೆ. ಅದನ್ನು ಕಿರಿದುಮಾಡುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಲೆಕ್ಕದ ದೃಷ್ಟಿಯಿಂದ ನೋಡಿದರೆ, ಒಂದು ಮತವೂ ಬೀಳದೆ ಸಭೆಯನ್ನು ಹೊಕ್ಕವರಿಗೆ ನಿಯಮ ತಾನಾಗಿ ಬಾಗಿಲು ತೆರೆಯುತ್ತದೆ. ಸಾವಿರಾರು ಮತ ಪಡೆದು ಕೂದಲೆಳೆಯಲ್ಲಿ ಸೋತವರನ್ನು ಹೊರಗೆ ನಿಲ್ಲಿಸುತ್ತದೆ.

ಕಮಲಾದೇವಿ ಚಟ್ಟೋಪಾಧ್ಯಾಯರ ವೃತ್ತಾಂತ ಈ ದೃಷ್ಟಿಯಿಂದ ವಿಚಾರಾರ್ಹವಾದುದು. ಅವರು ಹುಟ್ಟಿದ್ದು 1903ರಲ್ಲಿ, ಮಂಗಳೂರಿನಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ ಸ್ಥಾಪನೆಯಾದ 1926ರ ಇಸವಿಯಲ್ಲಿಯೇ ಅವರು ಮಂಗಳೂರಿನಿಂದ ಮದರಾಸು ಶಾಸನ ಪರಿಷತ್ತಿಗೆ ಸ್ಪರ್ಧಿಸಿದರು. ಮದರಾಸು ಪ್ರಾಂತದ ಸ್ತ್ರೀಯರಿಗೆ ಮತದ ಹಕ್ಕು ಬಂದುದು 1921ರಲ್ಲಿ. ಅದೂ ಆಸ್ತಿ, ತೆರಿಗೆಗಳ ಕಟ್ಟಿಗೆ ಒಳಪಟ್ಟು. ಸ್ಪರ್ಧಿಸುವ ಹಕ್ಕಾದರೋ ಲಭಿಸಿದ್ದು 1926ರಲ್ಲಿ, ಆ ಚುನಾವಣೆಯ ಹೊತ್ತಿಗೆ. ಇಪ್ಪತ್ತಮೂರರ ತರುಣಿ, ಮಾರ್ಗರೆಟ್ ಕಸಿನ್ಸರ ಪ್ರೋತ್ಸಾಹದಿಂದ ಕಣಕ್ಕಿಳಿದು, ಅತ್ಯಲ್ಪ ಅಂತರದಿಂದ ಸೋತಳು. ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆಯರಲ್ಲಿ ಆಕೆಗೆ ಅಗ್ರಸ್ಥಾನ. ಅದೇ ಪರಿಷತ್ತಿಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಸರ್ಕಾರದಿಂದ ನಾಮಕರಣಗೊಂಡು ಪ್ರವೇಶಿಸಿದರು, ಉಪಾಧ್ಯಕ್ಷರೂ ಆದರು. ದೇವದಾಸಿ ಪದ್ಧತಿಯ ವಿರುದ್ಧ ಅವರು ಅಲ್ಲಿ ನಡೆಸಿದ ಕಾರ್ಯ ಪ್ರಸಿದ್ಧವಾಗಿದೆ. ಈ ಇಬ್ಬರಲ್ಲಿ ಜನರ ಮತದಿಂದ ಗೆದ್ದವರು ಯಾರೂ ಇಲ್ಲ. ಆದರೂ ಮೇಲೆ ಹೇಳಿದ ನಿಯಮವನ್ನು 1927ರಲ್ಲಿ ಅನ್ವಯಿಸಿದ್ದರೆ ಒಬ್ಬರು ಗಣ್ಯರು, ಮತ್ತೊಬ್ಬರು ಅಗಣ್ಯರು.

ಕಮಲಾದೇವಿಯವರ ಮುಂದಿನ ಬಾಳು ಎಲ್ಲರಿಗೂ ತಿಳಿದುದೇ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಬೀದಿಗಳಲ್ಲಿ ಉಪ್ಪು ಮಾರಿ ಸೆರೆಮನೆ ಕಂಡರು. ಸ್ವಾತಂತ್ರ್ಯಾನಂತರ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ನೇಕಾರರ, ಕುಂಬಾರರ, ಬೊಂಬೆ ಮಾಡುವವರ ಕೈಗೆ ಬಲ ತಂದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 1988ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಇಷ್ಟರ ಮೇಲೆ ಅವರ ಗಣ್ಯತೆಯನ್ನು ಯಾರೂ ಶಂಕಿಸರು. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಮುಂದಿನ ಅರುವತ್ತು ವರುಷಗಳನ್ನು ಮರೆತು, 1926ರ ಆ ಸೋಲೊಂದನ್ನೇ ಮುಂದಿಟ್ಟುಕೊಂಡರೆ? ಆಗಲೂ ಅದು ದಾಖಲೆಗೆ ಅರ್ಹವಾದ ಸಂಗತಿಯೇ. ಏಕೆಂದರೆ ಆ ಸೋಲಿನಿಂದ ಒಂದು ಬಾಗಿಲು ತೆರೆಯಿತು. ಸ್ತ್ರೀಯೊಬ್ಬಳು ಮತಪತ್ರದಲ್ಲಿ ಹೆಸರಾಗಿ ನಿಲ್ಲಬಹುದೆಂಬುದು ಅಂದಿನವರೆಗೆ ಕಾಗದದ ಮೇಲಿನ ಹಕ್ಕು. ಅಂದಿನಿಂದ ನಡೆದುಹೋದ ಸಂಗತಿ. ಗೆದ್ದಿದ್ದರೂ ಸೋತಿದ್ದರೂ ಆ ಸಂಗತಿಯ ತೂಕ ಒಂದೇ.

ಇದಕ್ಕೆ ಬೇರೆ ಬಗೆಯ ಉದಾಹರಣೆ ಶಿವರಾಮ ಕಾರಂತರದು. ಅದರಲ್ಲಿ ಒಂದು ರಸವತ್ತಾದ ವ್ಯಂಗ್ಯವೂ ಇದೆ. ಕನ್ನಡದಲ್ಲಿ ವಿಶ್ವಕೋಶದ ಕೆಲಸಕ್ಕೆ ಏಕಾಂಗಿಯಾಗಿ ಕೈಹಾಕಿದವರು ಕಾರಂತರು. 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನೂ, ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಬರೆದುಕೊಟ್ಟ ಆ ಮಹನೀಯರು 1989ರ ಲೋಕಸಭಾ ಚುನಾವಣೆಯಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಉಮೇದುವಾರರಾದರು. ಕೈಗಾದ ಅಣುವಿದ್ಯುತ್ ಸ್ಥಾವರವನ್ನೂ ಪಶ್ಚಿಮಘಟ್ಟದ ಅರಣ್ಯನಾಶವನ್ನೂ ಪ್ರತಿಭಟಿಸುವುದೇ ಆ ಉಮೇದುವಾರಿಕೆಯ ಉದ್ದೇಶವಾಗಿತ್ತು. ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರು ಗೆದ್ದರು, ಕಾರಂತರು ಸೋತರು. ಕನ್ನಡದ ವಿಶ್ವಕೋಶಕಾರನೊಬ್ಬನು ವಿಶ್ವಕೋಶದ ನಿಯಮದಂತೆ ‘ಅಚುನಾಯಿತ ಉಮೇದುವಾರ’ನಾದನು. ಅದೇ ಕ್ಷೇತ್ರದಿಂದ 1967ರಲ್ಲಿ ಸ್ವತಂತ್ರವಾಗಿ ನಿಂತು ಗೆದ್ದಿದ್ದವರು ದಿನಕರ ದೇಸಾಯಿ. ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಕಾರ್ಯಕರ್ತರಾಗಿ, ಹಡಗಿನ ಕೆಲಸಗಾರರ ಸಂಘಟಕರಾಗಿ ದುಡಿದವರು, ಉತ್ತರ ಕನ್ನಡದಲ್ಲಿ ಶಾಲೆಗಳನ್ನು ಹಬ್ಬಿಸಿದವರು, ಚುಟುಕದ ಕವಿ. ದೇಸಾಯಿಯವರ ಲೇಖನದಿಂದ 1967ರ ಗೆಲವಿನ ವಾಕ್ಯವನ್ನು ತೆಗೆದುಹಾಕಿದರೂ ಲೇಖನ ಉಳಿಯುತ್ತದೆ. ಕಾರಂತರ ಲೇಖನದಿಂದ 1989ರ ಸೋಲಿನ ವಾಕ್ಯವನ್ನು ತೆಗೆದರೂ ಉಳಿಯುತ್ತದೆ, ಆದರೆ ಒಂದು ಎಳೆ ಕಡಿಮೆಯಾಗುತ್ತದೆ: ಪರಿಸರಕ್ಕಾಗಿ ಅವರು ನ್ಯಾಯಾಲಯದ ಮೆಟ್ಟಲನ್ನು ಮಾತ್ರವಲ್ಲ, ಮತದಾರನ ಮನೆಯ ಮೆಟ್ಟಲನ್ನೂ ಹತ್ತಿದ್ದರೆಂಬ ಎಳೆ.

ಈ ತೆಗೆದುನೋಡುವ ಕ್ರಮವೇ ತಕ್ಕ ಪರೀಕ್ಷೆಯೆಂದು ತೋರುತ್ತದೆ. ಚುನಾವಣೆಯ ವಾಕ್ಯವನ್ನು ಅಳಿಸಿ ನೋಡಬೇಕು. ಮಿಕ್ಕುದು ಲೇಖನವಾಗಿ ನಿಂತರೆ ಆ ವ್ಯಕ್ತಿಗೆ ಎಡೆಯುಂಟು. 1971ರಲ್ಲಿ ಜನಸಂಘದ ಪರವಾಗಿ ಬೆಂಗಳೂರಿನಿಂದ ಲೋಕಸಭೆಗೆ ನಿಂತು ಸೋತ ಗೋಪಾಲಕೃಷ್ಣ ಅಡಿಗರಿಗೂ, 2006ರಲ್ಲಿ ರಾಜ್ಯಸಭೆಗೆ ಸ್ಪರ್ಧಿಸಿ ಸೋತ ಯು. ಆರ್. ಅನಂತಮೂರ್ತಿಯವರಿಗೂ ಈ ಪರೀಕ್ಷೆ ಕ್ಷಣಮಾತ್ರದ್ದು. ಮುಂಬಯಿಯ ಮೀರಾ ಸಾನ್ಯಾಲರು 2009ರಲ್ಲಿ ಸ್ವತಂತ್ರರಾಗಿಯೂ 2014ರಲ್ಲಿ ಆಮ್ ಆದ್ಮಿ ಪಕ್ಷದಿಂದಲೂ ದಕ್ಷಿಣ ಮುಂಬಯಿಯಲ್ಲಿ ನಿಂತರು, ಎರಡು ಸಲವೂ ಸೋತರು. ಆದರೆ ವಿದೇಶೀ ಬ್ಯಾಂಕೊಂದರ ಭಾರತ ಶಾಖೆಯ ಮುಖ್ಯಸ್ಥೆಯಾಗಿದ್ದುದೂ, ನೋಟು ರದ್ದತಿಯನ್ನು ಕುರಿತು ಗ್ರಂಥ ಬರೆದುದೂ ಮಿಕ್ಕಿರುತ್ತವೆ. ಬ್ಯಾಂಕಿನ ಮೇಜನ್ನು ಬಿಟ್ಟು ಮತಪೆಟ್ಟಿಗೆಯ ಕಡೆಗೆ ನಡೆದವರು ಈ ನಗರದಲ್ಲಿ ಹೆಚ್ಚಿಲ್ಲವೆಂಬುದೂ ಒಂದು ಕಾರಣವಾಗಬಹುದು.

ಇನ್ನು ಇದೇ ಪರೀಕ್ಷೆಯನ್ನು ಗೆದ್ದವರಿಗೂ ಅನ್ವಯಿಸಿದರೆ? ಗೆಲವಿನ ವಾಕ್ಯವನ್ನು ತೆಗೆದೊಡನೆ ಹುಟ್ಟಿದ ದಿನಾಂಕವೂ ಪಕ್ಷದ ಹೆಸರೂ ಅಲ್ಲದೆ ಮತ್ತೇನೂ ಉಳಿಯದ ಲೇಖನಗಳು ಎಲ್ಲ ಭಾಷೆಯ ವಿಕಿಪೀಡಿಯಗಳಲ್ಲಿಯೂ ಹೇರಳವಾಗಿವೆ. ಶಾಸನಸಭೆಯ ಸದಸ್ಯನಿಗೆ ಅಧಿಕಾರವಿರುತ್ತದೆ, ಅವನ ಮತದಿಂದ ಕಾನೂನಾಗುತ್ತದೆ, ಆದುದರಿಂದ ಅವನ ಪರಿಚಯ ಪ್ರಜೆಗೆ ಬೇಕು ಎಂಬ ವಾದದಲ್ಲಿ ಹುರುಳಿದೆ. ಅದನ್ನು ಒಪ್ಪಿಕೊಂಡರೂ, ಅದು ಸದಸ್ಯನ ಉಪಯುಕ್ತತೆಯ ವಾದವೇ ಹೊರತು ಗಣ್ಯತೆಯ ವಾದವಲ್ಲವೆಂಬುದನ್ನು ಮರೆಯಬಾರದು.

ಹಾಗೆಂದು ನಿಂತವರೆಲ್ಲರಿಗೂ ಬಾಗಿಲು ತೆರೆಯುವುದೂ ಸಾಧ್ಯವಿಲ್ಲ. 1951–52ರಲ್ಲಿ 489 ಸ್ಥಾನಗಳಿಗೆ 1,874 ಮಂದಿ ನಿಂತಿದ್ದರು. 1996ರಲ್ಲಿ ಲೋಕಸಭೆಗೆ ನಿಂತವರು 13,952. ಅದೇ ವರ್ಷ ಕಾನೂನಿಗೆ ತಿದ್ದುಪಡಿ ತಂದು 500 ರೂಪಾಯಿಯ ಠೇವಣಿಯನ್ನು 10,000ಕ್ಕೆ ಏರಿಸಿದರು; 1998ರಲ್ಲಿ ಸಂಖ್ಯೆ 4,750ಕ್ಕೆ ಇಳಿಯಿತು. ಇಪ್ಪತ್ತು ಪಟ್ಟು ಠೇವಣಿಗೆ ಮೂರರಲ್ಲಿ ಎರಡು ಭಾಗದ ಉತ್ಸಾಹ ಆರಿಹೋಯಿತೆಂದರೆ ಆ ಉತ್ಸಾಹದ ಸ್ವರೂಪವೇನೆಂದು ಊಹಿಸಬಹುದು. ಮುಂದೆ ಠೇವಣಿ 25,000ಕ್ಕೆ ಏರಿತು; ಆದರೂ 2024ರಲ್ಲಿ 543 ಸ್ಥಾನಗಳಿಗೆ 8,360 ಉಮೇದುವಾರರಿದ್ದರು. ಚಲಾವಣೆಯಾದ ಮತಗಳಲ್ಲಿ ಆರರಲ್ಲೊಂದು ಪಾಲು ಪಡೆಯದವನ ಠೇವಣಿ ಸರ್ಕಾರಕ್ಕೆ ಸೇರುತ್ತದೆ. ಕಾನೂನು ಹಾಕಿದ ಈ ಗೆರೆಯನ್ನು ವಿಶ್ವಕೋಶವೂ ತನ್ನದಾಗಿ ಮಾಡಿಕೊಳ್ಳಬಹುದೆಂದು ಸೂಚಿಸುವವರುಂಟು. ಅದು ಸರಿಯಲ್ಲ. ಆ ಗೆರೆ ಸ್ಪರ್ಧೆಯ ಗಾಂಭೀರ್ಯವನ್ನು ಅಳೆಯುತ್ತದೆ, ವ್ಯಕ್ತಿಯ ಚಾರಿತ್ರಿಕತೆಯನ್ನಲ್ಲ.

1996ರ ಆ ದೊಡ್ಡ ಸಂಖ್ಯೆಯೊಳಗೆ ಕನ್ನಡಿಗರು ಮರೆಯಬಾರದ ಒಂದು ಅಧ್ಯಾಯವಿದೆ. ಬೆಳಗಾವಿ ಲೋಕಸಭಾ ಕ್ಷೇತ್ರವೊಂದರಲ್ಲಿಯೇ ಆ ವರ್ಷ 456 ಉಮೇದುವಾರರು ನಿಂತಿದ್ದರು. ಗಡಿಯ ತಂಟೆಯತ್ತ ದೇಶದ ಗಮನವನ್ನು ಸೆಳೆಯುವುದಕ್ಕಾಗಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಹೂಡಿದ ತಂತ್ರವದು. 1985ರ ವಿಧಾನಸಭಾ ಚುನಾವಣೆಯಲ್ಲಿಯೂ ಬೆಳಗಾವಿಯಲ್ಲಿ 301 ಮಂದಿ ನಿಂತಿದ್ದರು. ಜನತಾದಳದ ಶಿವಾನಂದ ಕೌಜಲಗಿಯವರು ಗೆದ್ದರು. 455 ಮಂದಿ ಸೋತರು. ಆ 455 ಮಂದಿಗೂ ಒಂದೊಂದು ಲೇಖನ ಬೇಕೆಂದು ಅವರಾದರೂ ಕೇಳಲಾರರು. ಆದರೆ 455 ಹೆಸರುಗಳು ಒಂದೇ ಮತಪತ್ರವನ್ನು ತುಂಬಿದುದು ಒಂದು ಘಟನೆ. ಅದರ ಹಿಂದಿನ ವಾದವನ್ನು ಒಪ್ಪದ ಕನ್ನಡಿಗನೂ ಅದನ್ನು ಘಟನೆಯಲ್ಲವೆಂದು ಹೇಳಲಾರನು. ಗಣ್ಯವಾದುದು ಇಲ್ಲಿ ಸ್ಪರ್ಧೆ, ಸ್ಪರ್ಧಿಯಲ್ಲ. ಗೆದ್ದವರ ಜೀವನಚರಿತ್ರೆಯನ್ನು ಮಾತ್ರ ಇಟ್ಟುಕೊಂಡು ಆ ಚುನಾವಣೆಯನ್ನು ಬಿಟ್ಟ ವಿಶ್ವಕೋಶದಲ್ಲಿ ಗಡಿಪ್ರಶ್ನೆಯ ಒಂದು ಮುಖ್ಯ ಪುಟವೇ ಹರಿದುಹೋದಂತೆ.

ವ್ಯಕ್ತಿಯೂ ಸ್ಪರ್ಧೆಯೂ ಒಂದೇ ಆಗಿಬಿಟ್ಟ ವಿಚಿತ್ರ ಉದಾಹರಣೆಯೂ ಕರ್ನಾಟಕದಲ್ಲಿದೆ. ಹೊಟ್ಟೆ ಪಕ್ಷದ ರಂಗಸ್ವಾಮಿಯವರು 86 ಚುನಾವಣೆಗಳಲ್ಲಿ ನಿಂತು ಒಂದರಲ್ಲಿಯೂ ಗೆಲ್ಲದೆ 2007ರಲ್ಲಿ ತೀರಿಕೊಂಡರು. ಇಲ್ಲಿ ಚುನಾವಣೆಯ ವಾಕ್ಯವನ್ನು ತೆಗೆದರೆ ಏನೂ ಉಳಿಯುವುದಿಲ್ಲ. ಆದರೂ ಅವರಿಗೆ ಎಡೆಯುಂಟು. ಒಂದು ಸೋಲು ಆಕಸ್ಮಿಕ. 86 ಸೋಲುಗಳು ಒಂದು ವೃತ್ತಿ. ನಗೆಗೀಡಾಗುತ್ತಲೇ ಹೊಟ್ಟೆಯ ಪ್ರಶ್ನೆಯನ್ನು ಮತಪತ್ರದ ಮೇಲೆ ಇಡುತ್ತ ಬಂದ ಆ ಹಟವನ್ನು ಪತ್ರಿಕೆಗಳು ದಾಖಲಿಸಿವೆ, ಜನ ನೆನೆಯುತ್ತಾರೆ. ಪರೀಕ್ಷೆಗೆ ಇದೊಂದು ಅಪವಾದವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಕಮಲಾದೇವಿಯವರ 1926ರ ಸೋಲಿನಂತೆ ಇಲ್ಲಿಯೂ ಸೋಲೇ ಸಂಗತಿಯಾಗಿದೆ.

ನಿಯಮವನ್ನು ಬಿಗಿಯಾಗಿ ಹಿಡಿದವರ ಭಯ ನಿರಾಧಾರವಲ್ಲ. ಚುನಾವಣೆ ಹತ್ತಿರವಾದಾಗ ವಿಶ್ವಕೋಶದ ಪುಟ ಗೋಡೆಯ ಮೇಲಿನ ಭಿತ್ತಿಪತ್ರವಾಗುವುದು ಸುಲಭ. ನಾಮಪತ್ರ ಸಲ್ಲಿಸಿದ ವಾರವೇ ಹುಟ್ಟಿಕೊಂಡು, ಅಭಿಮಾನಿಗಳಿಂದ ‘ಜನಾನುರಾಗಿ’, ‘ಸಮಾಜಸೇವಾ ಧುರೀಣ’ ಎಂಬ ವಿಶೇಷಣಗಳನ್ನು ಹೊದ್ದುಕೊಂಡು, ಮತ ಎಣಿಕೆಯ ಮಾರನೆಯ ದಿನದಿಂದ ಅನಾಥವಾಗಿ ಬಿದ್ದಿರುವ ಪುಟದಿಂದ ವಾಚಕನಿಗೆ ಏನು ಪ್ರಯೋಜನ? ಆದರೆ ಬಿಗಿ ಅತಿಯಾದರೂ ಕಷ್ಟ. 2020ರಲ್ಲಿ ಅಮೆರಿಕದ ಅಯೋವ ಸಂಸ್ಥಾನದಿಂದ ಸೆನೆಟ್ಟಿಗೆ ಥೆರೇಸಾ ಗ್ರೀನ್‌ಫೀಲ್ಡ್ ಎಂಬವರು ನಿಂತರು. ಅಪಾರ ಹಣ ಹರಿದ ಸ್ಪರ್ಧೆಯದು. ಎದುರಾಳಿಯಾದ ಹಾಲಿ ಸದಸ್ಯೆಗೆ ವಿಕಿಪೀಡಿಯದಲ್ಲಿ ವಿಸ್ತಾರವಾದ ಪುಟವಿತ್ತು. ಗ್ರೀನ್‌ಫೀಲ್ಡರಿಗೆ ಬಹುಕಾಲ ಪುಟವೇ ಇರಲಿಲ್ಲ. ಬರೆದವರ ಕರಡುಗಳು ತಿರಸ್ಕೃತವಾದವು, ಚುನಾವಣೆಗೆ ಕೆಲವೇ ವಾರಗಳಿದ್ದಾಗ ಪುಟ ಬಂದಿತು, ಆಕೆ ಸೋತರು. ಅಧಿಕಾರದಲ್ಲಿರುವವರಿಗೆ ಮೊದಲೇ ಇರುವ ಅನುಕೂಲಗಳ ಪಟ್ಟಿಗೆ ವಿಶ್ವಕೋಶವೂ ಒಂದು ಅನುಕೂಲವನ್ನು ಸೇರಿಸಿತೆಂಬ ಆಕ್ಷೇಪಣೆಗೆ ಸಮರ್ಪಕವಾದ ಉತ್ತರ ಬಂದಿಲ್ಲ. ಪುಟವಿಲ್ಲದಿರುವುದು ತಟಸ್ಥತೆ ಎಂದು ಭಾವಿಸಿದವರು, ಎದುರಿನವರ ಪುಟವನ್ನು ಎಣಿಸಲು ಮರೆತರು.

ಆಧಾರಗಳ ವಿಷಯಕ್ಕೆ ಬಂದರೆ ಭಾರತದ ಸ್ಥಿತಿ ವಿಲಕ್ಷಣವಾಗಿದೆ. ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳ ಬಳಿಕ ಪ್ರತಿಯೊಬ್ಬ ಉಮೇದುವಾರನೂ ತನ್ನ ಆಸ್ತಿ, ಸಾಲ, ವಿದ್ಯೆ, ತನ್ನ ಮೇಲಿನ ಮೊಕದ್ದಮೆಗಳು ಇವನ್ನು ಪ್ರಮಾಣಪತ್ರದಲ್ಲಿ ಘೋಷಿಸತಕ್ಕದ್ದು. ಆ ಪ್ರಮಾಣಪತ್ರ ಬಹಿರಂಗ ದಾಖಲೆ. ಎಂದಮೇಲೆ ಸೋತವನ ಲೇಖನಕ್ಕೆ ಸಾಮಗ್ರಿಯಿಲ್ಲವೆಂಬ ಮಾತು ನಿಲ್ಲದು ಎನ್ನಬಹುದು. ಆದರೆ ಸಾಲಗಾರನು ತಾನೇ ಬರೆದುಕೊಟ್ಟ ಆಸ್ತಿಯ ಪಟ್ಟಿಯನ್ನು ಯಾವ ಬ್ಯಾಂಕೂ ಲೆಕ್ಕತನಿಖೆಯಾದ ಪತ್ರವೆಂದು ಎಣಿಸುವುದಿಲ್ಲ. ಘೋಷಣೆ ವಿಚಾರಣೆಗೆ ಆರಂಭ, ಮುಕ್ತಾಯವಲ್ಲ. ಅದರಲ್ಲಿಯೂ ಮೊಕದ್ದಮೆಗಳ ವಿಷಯ ನಾಜೂಕಾದುದು. ಗೆದ್ದವನ ಮೇಲಿನ ಮೊಕದ್ದಮೆ ಮುಂದೆ ಬಿದ್ದುಹೋದರೆ ಆ ಸುದ್ದಿಯೂ ಪತ್ರಿಕೆಯಲ್ಲಿ ಬರುತ್ತದೆ, ಯಾರಾದರೂ ಪುಟವನ್ನು ತಿದ್ದುತ್ತಾರೆ. ಮೂರನೆಯ ಸ್ಥಾನಕ್ಕೆ ಬಂದು ಮರಳಿ ಅಂಗಡಿಯ ಗಲ್ಲೆಗೋ ಶಾಲೆಯ ಪಾಠಕ್ಕೋ ಕುಳಿತವನ ಖುಲಾಸೆಯನ್ನು ಯಾರೂ ವರದಿ ಮಾಡುವುದಿಲ್ಲ. ಅವನ ಹೆಸರನ್ನು ಹುಡುಕಿದವರಿಗೆಲ್ಲ ಮೊಕದ್ದಮೆಯೇ ಕಾಣುತ್ತಿರುತ್ತದೆ. ಲೇಖನವಿಲ್ಲದಿರುವುದು ಕೆಲವರಿಗೆ ಅನ್ಯಾಯವಾದರೆ, ಲೇಖನವಿರುವುದು ಮತ್ತೆ ಕೆಲವರಿಗೆ ಜೀವಾವಧಿ ಶಿಕ್ಷೆ.

ಮುಂಬಯಿಯ ಕನ್ನಡಿಗರ ಮಟ್ಟಿಗೆ ಆಧಾರದ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಇಲ್ಲಿ ನಗರಸಭೆಗೋ ವಿಧಾನಸಭೆಗೋ ನಿಂತ ಕನ್ನಡಿಗನ ವೃತ್ತಾಂತವನ್ನು ಮರಾಠಿ, ಆಂಗ್ಲ ಪತ್ರಿಕೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ವಿಸ್ತಾರವಾಗಿ ಬರೆಯತಕ್ಕವು ‘ಕರ್ನಾಟಕ ಮಲ್ಲ’ದಂಥ ದಿನಪತ್ರಿಕೆ, ‘ಮೊಗವೀರ’ದಂಥ ಮಾಸಪತ್ರಿಕೆ, ಸಂಘಗಳ ಮುಖಪತ್ರಗಳು, ಸ್ಮರಣಸಂಚಿಕೆಗಳು. ಇವು ಸ್ವತಂತ್ರವಾದ ಆಧಾರಗಳಾಗುತ್ತವೆಯೇ? ಸಮಾಜದ ಪತ್ರಿಕೆ ತನ್ನವನೊಬ್ಬನು ನಿಂತಾಗ ಹೊಗಳದೆ ಇರಲಾರದು. ಸ್ಮರಣಸಂಚಿಕೆಯಲ್ಲಿ ಜಾಹೀರಾತು ಕೊಟ್ಟವನೂ ಅಭಿನಂದಿತನೂ ಎಷ್ಟೋ ಸಲ ಒಬ್ಬನೇ. ಆದರೂ ಅವನ್ನು ಒಟ್ಟಿಗೆ ತಳ್ಳಿಹಾಕುವುದು ವಿವೇಕವಲ್ಲ. ಶಾಸನಗಳಲ್ಲಿ ಪ್ರಶಸ್ತಿಯ ಭಾಗವೆಷ್ಟು, ದತ್ತಿಯ ಭಾಗವೆಷ್ಟು ಎಂದು ಬೇರ್ಪಡಿಸಿ ಓದುವುದನ್ನು ಕನ್ನಡದ ವಿದ್ವಾಂಸರು ನೂರು ವರುಷಗಳಿಂದ ಅಭ್ಯಾಸ ಮಾಡಿದ್ದಾರೆ. ‘ಸಮಸ್ತ ಭುವನಾಶ್ರಯ’ ಎಂದೊಡನೆ ಅರಸನು ಭುವನವನ್ನೆಲ್ಲ ಆಳಿದನೆಂದು ಯಾರೂ ನಂಬುವುದಿಲ್ಲ, ಹಾಗೆಂದು ಶಾಸನವನ್ನು ಎಸೆಯುವುದೂ ಇಲ್ಲ. ಸಂಘದ ಮುಖಪತ್ರದ ವರದಿಯಲ್ಲಿಯೂ ದಿನಾಂಕ, ಕ್ಷೇತ್ರ, ಪಡೆದ ಮತ ಇವನ್ನು ಎತ್ತಿಕೊಂಡು ವಿಶೇಷಣಗಳನ್ನು ಬಿಡಬಹುದು. ಹಳೆಯ ಸಂಚಿಕೆಗಳು ಅಂತರಜಾಲದಲ್ಲಿ ಸುಲಭವಾಗಿ ದೊರೆಯುವಂಥವಲ್ಲವೆಂಬುದೇ ನಿಜವಾದ ತೊಡಕು. ಆಧಾರ ಕಾಣುತ್ತಿಲ್ಲವೆಂಬುದನ್ನು ಆಧಾರವಿಲ್ಲವೆಂದು ಓದುವ ಸಂಪಾದಕನು, ಕಪಾಟಿನ ಬೀಗದಕೈ ಕಳೆದುಕೊಂಡು ಕಪಾಟು ಬರಿದಾಗಿದೆಯೆನ್ನುವವನಂತೆ.

ಸೋತವರನ್ನು ದಾಖಲಿಸುವ ವಿಷಯದಲ್ಲಿ ಕನ್ನಡನಾಡಿಗೆ ಹೊಸದಾಗಿ ಕಲಿಯತಕ್ಕದ್ದೇನೂ ಇಲ್ಲ. ಊರೂರಿನ ವೀರಗಲ್ಲುಗಳನ್ನು ನೋಡಬಹುದು. ತುರುಗೊಳ್ಳುವಾಗ, ಊರಳಿವಿನಲ್ಲಿ ಕಾದಿ ಸತ್ತವನ ಹೆಸರು, ಅವನ ಒಡೆಯನ ಹೆಸರು, ಕಾಳಗ ನಡೆದ ಎಡೆ, ಕೆಲವೊಮ್ಮೆ ಕಲ್ಲು ನಿಲಿಸಿದವನ ಹೆಸರು ಅಲ್ಲಿರುತ್ತವೆ. ಗೆದ್ದವರು ಯಾರೆಂಬುದು ಎಷ್ಟೋ ಕಲ್ಲುಗಳಲ್ಲಿ ಇರುವುದೇ ಇಲ್ಲ. ಬೇಗೂರಿನಲ್ಲಿ ದೊರೆತ, ಸುಮಾರು ಕ್ರಿ. ಶ. 890ರ ಕಾಲದ ಶಾಸನದಲ್ಲಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿಯೆಂಬವನು ‘ಬೆಂಗಳೂರ ಕಾಳಗ’ದಲ್ಲಿ ಮಡಿದನೆಂದಿದೆ. ಬೆಂಗಳೂರೆಂಬ ಹೆಸರಿಗೆ ದೊರೆತಿರುವ ಅತಿ ಹಳೆಯ ದಾಖಲೆ ಅದೇ. ಆ ಕಲ್ಲನ್ನು ನಿಲಿಸಿದವರು ಗೆದ್ದವರಿಗೆ ಮಾತ್ರ ಕಲ್ಲೆಂದು ನಿಯಮ ಮಾಡಿಕೊಂಡಿದ್ದರೆ ರಾಜಧಾನಿಯ ಹೆಸರಿನ ಚರಿತ್ರೆ ಕೆಲವು ಶತಮಾನ ಚಿಕ್ಕದಾಗುತ್ತಿತ್ತು. ಆದರೆ ಕಾಳಗಕ್ಕೆ ಹೋದವರಿಗೆಲ್ಲ ವೀರಗಲ್ಲಿಲ್ಲವೆಂಬುದನ್ನೂ ಗಮನಿಸಬೇಕು. ಕಲ್ಲು ಕಡೆಯುವ ಮೊದಲು ಯಾರೋ ಒಬ್ಬರು ಕೃತ್ಯವನ್ನು ತೂಗಿ ನೋಡಿದ್ದರು.

ಕಾಲಕ್ಕೆ ಬಿಡಬೇಕಾದುದನ್ನು ಕಾಲಕ್ಕೆ ಬಿಡುವುದಕ್ಕೂ ಒಂದು ಕ್ರಮ ಬೇಕು. ಜಮಾ ಮಾಡಬೇಕಾದ ಖಾತೆ ಯಾವುದೆಂದು ಗೊತ್ತಾಗದ ಹಣವನ್ನು ಬ್ಯಾಂಕಿನವರು ಹಿಂದಿರುಗಿಸುವುದೂ ಇಲ್ಲ, ತಮಗೆ ತೋಚಿದ ಖಾತೆಗೆ ಹಾಕುವುದೂ ಇಲ್ಲ. ಅನಾಮತ್ತು ಖಾತೆಯಲ್ಲಿ, ದಿನಾಂಕ ಮತ್ತು ವಿವರ ಸಹಿತವಾಗಿ ಇಡುತ್ತಾರೆ. ಅನಾಮತ್ತಿನಲ್ಲಿದ್ದ ಹಣ ಕಳೆದುಹೋಗುವುದಿಲ್ಲ. ಸೋತ ಉಮೇದುವಾರನಿಗೆ ಅಂಥ ಖಾತೆಯೆಂದರೆ ಆ ಚುನಾವಣೆಯನ್ನೂ ಕ್ಷೇತ್ರವನ್ನೂ ಕುರಿತ ಲೇಖನ. ಅಲ್ಲಿ ನಿಂತವರೆಲ್ಲರ ಹೆಸರು, ಪಕ್ಷ, ಪಡೆದ ಮತ ಪೂರ್ಣವಾಗಿ ಇರಬೇಕು. ಸ್ಪರ್ಧೆಯ ಹಿಂದಿನ ವಾದವೇನಿತ್ತೆಂಬುದಕ್ಕೆ ಒಂದೆರಡು ವಾಕ್ಯ ಬೇಕು. ಆಸ್ತಿ, ಮೊಕದ್ದಮೆಗಳು ಬೇಕಾಗಿಲ್ಲ. 1989ರ ಉತ್ತರ ಕನ್ನಡದ ಚುನಾವಣೆಯನ್ನು ಕುರಿತು ಹಾಗೆ ಬರೆದರೆ ಕೈಗಾದ ಪ್ರಶ್ನೆ ತಾನಾಗಿ ಅಲ್ಲಿ ಬರುತ್ತದೆ. 1926ರ ಮಂಗಳೂರಿನ ಸ್ಪರ್ಧೆಯನ್ನು ಕುರಿತು ಅಂದೇ ಯಾರಾದರೂ ಬರೆದಿಟ್ಟಿದ್ದರೆ ಕಮಲಾದೇವಿಯವರು ಎಷ್ಟು ಮತಗಳಿಂದ ಸೋತರೆಂಬ ವಿಷಯದಲ್ಲಿ ಇಂದಿನ ಪುಸ್ತಕಗಳು ಒಂದೊಂದು ಅಂಕಿಯನ್ನು ಹೇಳುತ್ತಿರಲಿಲ್ಲ.

ಕನ್ನಡ ವಿಕಿಪೀಡಿಯದವರು ಈ ಕೆಲಸಕ್ಕೆ ಕೈಹಾಕಿದರೆ ಮೊದಲ ಆಧಾರ ಚುನಾವಣಾ ಆಯೋಗದ ಅಂಕಿಅಂಶಗಳ ವರದಿಗಳೇ. 1951–52ರಿಂದ ಮೊದಲ್ಗೊಂಡು ಲೋಕಸಭೆಗೆ ನಿಂತವರ ಹೆಸರುಗಳೂ ಮತಗಳೂ ಅವುಗಳಲ್ಲಿವೆ. ಆದರೆ ಹೆಸರುಗಳಿರುವುದು ಆಂಗ್ಲ ಲಿಪಿಯಲ್ಲಿ. ಅಲ್ಲಿ ಲಕಾರ ಳಕಾರಗಳಿಗೂ ತಕಾರ ಟಕಾರಗಳಿಗೂ ಭೇದವಿಲ್ಲ. ಕೆಲವೆಡೆ ಅಡ್ಡಹೆಸರು ಮುಂದಾಗಿ, ತಂದೆಯ ಹೆಸರು ಕೊನೆಗೆ ಬಿದ್ದು, ‘ಕೌಜಲಗಿ ಶಿವಾನಂದ ಹೇಮಪ್ಪ’ ಎಂಬ ಕ್ರಮವೂ ಕಾಣುತ್ತದೆ. ಗೆದ್ದವರ ಹೆಸರನ್ನು ತಿದ್ದಿಕೊಳ್ಳಲು ವಿಧಾನಸಭೆಯ, ಲೋಕಸಭೆಯ ಕನ್ನಡ ದಾಖಲೆಗಳು ಒದಗುತ್ತವೆ. ಬೆಳಗಾವಿಯ ಮಿಕ್ಕ 455 ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿ ತಪ್ಪಿಲ್ಲದೆ ಬರೆಯಬೇಕಾದರೆ ಅಂದಿನ ಸ್ಥಳೀಯ ಪತ್ರಿಕೆಗಳ ಕಡತಗಳನ್ನೂ, ಆ ಹೆಸರುಗಳನ್ನು ಕಿವಿಯಿಂದ ಬಲ್ಲ ಊರಿನ ಹಿರಿಯರನ್ನೂ ಕೇಳಬೇಕಾಗುತ್ತದೆ. 1996ರಲ್ಲಿ ಮೂವತ್ತರ ಪ್ರಾಯದವರಾಗಿದ್ದವರಿಗೆ ಈಗ ಅರುವತ್ತರ ಮೇಲೆ ಸಲ್ಲುತ್ತಿದೆ.